ಮನೆಯಲ್ಲಿ ಜೋಳ ಇದೆ, ಮೊಮ್ಮಗ ಯಾಕೆ ಬೆಳೆಯುತ್ತಿಲ್ಲ?

ಪ್ರಶ್ನೆ: ಶರಣು ಮೇಡಂ. ನಮ್ಮದು ಮಹಾರಾಷ್ಟ್ರದ ಜತ್ತ ತಾಲೂಕು, ಉಮದಿ ಹತ್ತಿರದ ಹಳ್ಳಿ. ನನ್ನ ಮೊಮ್ಮಗ ಹೋದ ವರ್ಷದ ಹಿಂದಿನ ಆಗಸ್ಟಿನಲ್ಲಿ ಹುಟ್ಟಿದ. ಈಗ 2 ವರ್ಷ 1 ತಿಂಗಳು. ಹುಟ್ಟಿದಾಗ 2 ಕಿಲೋ 300 ಗ್ರಾಂ ಇದ್ದ. ಮೊನ್ನೆ ಅಂಗನವಾಡಿಯಲ್ಲಿ ತೂಕ 9 ಕಿಲೋ 400 ಗ್ರಾಂ, ಎತ್ತರ 80 ಸೆಂ.ಮೀ. ಬಂತು. ತೋಳಿಗೆ ಟೇಪು ಸುತ್ತಿ 13.2 ಸೆಂ.ಮೀ. ಅಂದರು. ಸೇವಿಕಾ ಬಾಯಿ ‘ಕುಪೋಷಣ’, ಅಂದರೆ ಅಪೌಷ್ಟಿಕತೆ, ಅಂತ ಬರೆದುಕೊಂಡರು. ನಮ್ಮದು ಹಸಿದ ಮನೆ ಅಲ್ಲ. ಮೂರು ಎಕರೆ ಹೊಲ, ಎರಡು ಎಮ್ಮೆ ಇವೆ, ವರ್ಷಕ್ಕಾಗುವಷ್ಟು ಜೋಳ ಇದೆ. ಸೊಸೆಗೆ ಈಗ 20 ವರ್ಷ. ಮದುವೆಯಾದ ವರ್ಷದಿಂದ ಮಗ-ಸೊಸೆ ಇಬ್ಬರೂ ದೀಪಾವಳಿ ಮುಗಿಸಿ ಕಬ್ಬು ಕಡಿಯಲು ಹೋಗುತ್ತಾರೆ. ಕೂಸನ್ನೂ ಒಯ್ಯುತ್ತಾರೆ. ಸೊಸೆಗೆ ಕೂಸಿನ ಕಡೆ ಲಕ್ಷ್ಯ ಕಮ್ಮಿ ಅಂತ ಮನೆಯಲ್ಲಿ ಮಾತು. ಕೆಲವರು ನಿಮ್ಮ ವಂಶವೇ ಗಿಡ್ಡ ಅನ್ನುತ್ತಾರೆ, ಕೆಲವರು ದೃಷ್ಟಿ ತಾಗಿದೆ ಅನ್ನುತ್ತಾರೆ. ಟಾನಿಕ್ ಹಾಕಬೇಕಾ? ಈ ಸಲ ಕೂಸನ್ನು ನಮ್ಮ ಹತ್ತಿರ ಬಿಟ್ಟು ಹೋಗಿ ಅಂದರೆ ಸೊಸೆ ಒಪ್ಪುತ್ತಿಲ್ಲ. ಏನು ಮಾಡೋಣ?

ಉತ್ತರ: ಶರಣು ಕಾಕಾ. ನಿಮಗೆ ಬೇಜಾರಾದದ್ದು ಸಹಜ. ‘ಕುಪೋಷಣ’ ಅಂದ ಕೂಡಲೇ ಟಿವಿಯಲ್ಲಿ ಕಂಡ ಮೇಳಘಾಟದ ಮಕ್ಕಳು ಕಣ್ಣ ಮುಂದೆ ಬರುತ್ತಾರೆ. ಎಲುಬು ಎಣಿಸುವಂಥ ಮಕ್ಕಳು. ನಮ್ಮ ಕೂಸು ಹಾಗಿಲ್ಲವಲ್ಲ ಅನಿಸುತ್ತದೆ. ಹೌದು, ಹಾಗಿಲ್ಲ. ಅದಕ್ಕೇ ಮೊದಲು ನೀವು ಬರೆದ ಸಂಖ್ಯೆಗಳನ್ನು ಕೂತು ಓದೋಣ. ಸಂಖ್ಯೆ ಬರೆದು ಕಳಿಸಿದ್ದಕ್ಕೆ ನಿಮಗೆ ಶಾಬಾಸ್ ಅನ್ನಬೇಕು. ಬಹಳ ಮಂದಿ ‘ಕೂಸು ಸೊರಗಿದೆ’ ಅಂತ ಒಂದೇ ಸಾಲು ಬರೆಯುತ್ತಾರೆ. ಅದರಿಂದ ನನಗೆ ಏನೂ ತಿಳಿಯುವುದಿಲ್ಲ.

25 ತಿಂಗಳ ಗಂಡು ಕೂಸು ಸರಾಸರಿ 88 ಸೆಂ.ಮೀ. ಎತ್ತರ ಇರುತ್ತದೆ. ತೂಕ 12 ಕಿಲೋಗಿಂತ ಸ್ವಲ್ಪ ಜಾಸ್ತಿ. ಎಲ್ಲ ಮಕ್ಕಳೂ ಸರಾಸರಿಯಲ್ಲೇ ಇರಬೇಕು ಅಂತಿಲ್ಲ. ಆದರೆ ಎತ್ತರಕ್ಕೆ 82 ಸೆಂ.ಮೀ. ಹತ್ತಿರ, ತೂಕಕ್ಕೆ 9.8 ಕಿಲೋ ಹತ್ತಿರ ಒಂದು ಗೆರೆ ಇದೆ. ಅದರ ಕೆಳಗೆ ಬಂದರೆ ಬೆಳವಣಿಗೆ ಕಮ್ಮಿ ಅಂತ ಲೆಕ್ಕ. ನಿಮ್ಮ ಮೊಮ್ಮಗ ಎರಡರಲ್ಲೂ ಆ ಗೆರೆಯ ಕೆಳಗಿದ್ದಾನೆ. ಬಹಳ ಕೆಳಗೇನಲ್ಲ. ಇನ್ನು 80 ಸೆಂ.ಮೀ. ಇರುವ ಕೂಸಿಗೆ 9.4 ಕಿಲೋ ತೂಕ ನಡೆಯುತ್ತದೆ. ತೋಳಿನ ಟೇಪು 12.5 ದಾಟಿದರೆ ಹಸಿರು ಬಣ್ಣ, ಅವನದು 13.2. ಅದು 11.5ಕ್ಕಿಂತ ಕಮ್ಮಿ ಬಂದಿದ್ದರೆ, ಇಲ್ಲವೇ ಎರಡೂ ಪಾದ ಬಾತು, ಬೆರಳಿಂದ ಒತ್ತಿದಾಗ ತಗ್ಗು ಬೀಳುತ್ತಿದ್ದರೆ, ಈ ಉತ್ತರ ಓದುವುದು ಬಿಟ್ಟು ಇವತ್ತೇ ದವಾಖಾನೆಗೆ ನಡೆಯಿರಿ ಅನ್ನುತ್ತಿದ್ದೆ.

ಅಂದರೆ ಕೂಸು ಈಗ ಹಸಿದು ಒಣಗಿಲ್ಲ, ಆದರೆ ಬೆಳೆಯಬೇಕಾದಷ್ಟು ಬೆಳೆದಿಲ್ಲ. ಒಣಗುವುದಕ್ಕೆ ಎರಡು-ಮೂರು ವಾರ ಸಾಕು. ಒಂದು ಭೇದಿ, ಒಂದು ಕೆಟ್ಟ ಜ್ವರ ಬಂದು ಹೋದರೆ ಆಯಿತು. ಗಿಡ್ಡಾಗುವುದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವ ಕೆಲಸ. ಹಾಗಾಗಿ ಇವತ್ತು ಕೂಸು ಏನು ತಿಂದಿತು ಅಂತ ನಾನು ಕೇಳುವುದಿಲ್ಲ. ಹೊಟ್ಟೆಯಲ್ಲಿದ್ದ 9 ತಿಂಗಳು, ಹುಟ್ಟಿದ ಮೇಲಿನ 25 ತಿಂಗಳು, ಒಟ್ಟು 34 ತಿಂಗಳು ಎಲ್ಲಿ ಹೇಗೆ ಕಳೆದವು ಅಂತ ಕೇಳುತ್ತೇನೆ. ಅದಕ್ಕೆ ಬೇಕಾದದ್ದೆಲ್ಲ ನಿಮ್ಮ ಪತ್ರದಲ್ಲೇ ಇದೆ, ನೀವು ಗಮನಿಸಿಲ್ಲ ಅಷ್ಟೇ.

ವಂಶದ ಮಾತು ಮೊದಲು ಮುಗಿಸಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರ ತನಕ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಹೀಗೆ ಆರು ದೇಶಗಳ ಮಕ್ಕಳನ್ನು ಅಳೆದು ನೋಡಿತು. ನಮ್ಮ ದೇಶದಿಂದ ದಕ್ಷಿಣ ದೆಹಲಿಯ ಮಕ್ಕಳಿದ್ದರು. ತಾಯಿಗೆ ಆರೋಗ್ಯ, ಕೂಸಿಗೆ ಎದೆಹಾಲು, ಒಳ್ಳೆಯ ಊಟ, ಶುದ್ಧ ನೀರು ಸಿಕ್ಕಿದರೆ ಐದು ವರ್ಷದ ತನಕ ಎಲ್ಲ ದೇಶದ ಮಕ್ಕಳೂ ಹೆಚ್ಚುಕಮ್ಮಿ ಒಂದೇ ಥರ ಬೆಳೆಯುತ್ತಾರೆ ಅಂತ ಗೊತ್ತಾಯಿತು. ಅಂಗನವಾಡಿಯಲ್ಲಿ ಬೆಳವಣಿಗೆ ನೋಡುವ ತಕ್ತೆ ಅದರಿಂದಲೇ ಬಂದದ್ದು. ತಂದೆ-ತಾಯಿ ಗಿಡ್ಡಗಿದ್ದರೆ ಸ್ವಲ್ಪ ಪರಿಣಾಮ ಇದ್ದೇ ಇರುತ್ತದೆ. ಆದರೆ ಒಂದು ಸೀಮೆಯ ಮೂರರಲ್ಲಿ ಒಂದು ಕೂಸು ಗಿಡ್ಡ ಅಂದರೆ ಅದು ವಂಶ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಮಹಾರಾಷ್ಟ್ರದಲ್ಲಿ ನೂರಕ್ಕೆ 35.2, ಕರ್ನಾಟಕದಲ್ಲಿ 35.4. ಗಡಿಗಾಗಿ ಎರಡು ರಾಜ್ಯ ಎಷ್ಟು ಜಗಳ ಆಡಿದರೂ ಈ ಲೆಕ್ಕದಲ್ಲಿ ಇಬ್ಬರೂ ಸಮ ಸಮ! ಕೇರಳದಲ್ಲಿ 23.4. ಅಲ್ಲಿನವರೇನು ಬೇರೆ ಮಣ್ಣಿನಿಂದ ಆದವರಾ?

ಈಗ ನಿಮ್ಮ ಮನೆಯ ಕ್ಯಾಲೆಂಡರು ತೆಗೆಯೋಣ.

ಕೂಸು ಆಗಸ್ಟಿನಲ್ಲಿ ಹುಟ್ಟಿದೆ. ಒಂಬತ್ತು ತಿಂಗಳು ಹಿಂದೆ ಎಣಿಸಿದರೆ ನವೆಂಬರ್. ಅಂದರೆ ನಿಮ್ಮ ಸೊಸೆ ಬಸುರಾದದ್ದು ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ. ಈಗ 20 ಅಂದರೆ ಆಗ 17. ಬೈಯಲಿಕ್ಕೆ ಹೇಳುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ. 17 ವರ್ಷದ ಹುಡುಗಿಯ ಮೈ ಇನ್ನೂ ತಾನೇ ಬೆಳೆಯುತ್ತಿರುತ್ತದೆ. ಹೊಟ್ಟೆಯ ಕೂಸಿಗೂ ಅವಳ ಮೈಗೂ ಒಂದೇ ತಾಟಿನ ಊಟ. ಅದರ ಮೇಲೆ ಆರನೇ ತಿಂಗಳಿಗೆ ಬೀಳುವ ತನಕ ಅವಳು ಹೊಲದಲ್ಲಿ. ಬಗ್ಗಿ ಕಡಿಯುವುದು, ಹೊರೆ ಕಟ್ಟುವುದು, ತಲೆಯ ಮೇಲೆ ಹೊತ್ತು ಟ್ರಾಲಿ ಏರುವುದು. ನಾನು ಈ ಸೀಮೆಯಲ್ಲಿ ಬಹಳ ವರ್ಷ ಬಾಣಂತಿಯರ, ಕೂಸುಗಳ ನಡುವೆ ಕೆಲಸ ಮಾಡಿದ್ದೇನೆ. ಹಂಗಾಮಿನಲ್ಲಿ ಬಸುರಿದ್ದವರ ಕೂಸುಗಳು ಸಣ್ಣಗೆ ಹುಟ್ಟಿದ್ದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಹುಟ್ಟಿದ ತೂಕ ಎರಡೂವರೆ ಕಿಲೋಗಿಂತ ಕಮ್ಮಿ ಇದ್ದರೆ ಅದು ಕಮ್ಮಿ ತೂಕದ ಕೂಸು. ನಿಮ್ಮದು 2.3. ಹಳೆಯ ಒರಟು ಲೆಕ್ಕ ಒಂದಿದೆ. ಎರಡು ವರ್ಷಕ್ಕೆ ಕೂಸು ಹುಟ್ಟಿದ ತೂಕದ ನಾಲ್ಕು ಪಟ್ಟು ಆಗಬೇಕು. 2.3ರ ನಾಲ್ಕು ಪಟ್ಟು 9.2. ನಿಮ್ಮ ಮೊಮ್ಮಗ 9.4 ಇದ್ದಾನೆ! ನೋಡಿ, ಅವನು ತನ್ನ ದಾರಿಯಲ್ಲಿ ನಡೆದೇ ಇದ್ದಾನೆ. ದಾರಿ ಶುರುವಾದದ್ದೇ ತಗ್ಗಿನಿಂದ. ಹೊಟ್ಟೆಯಲ್ಲೇ ಹಿಂದೆ ಬಿದ್ದ ಕೂಸಿಗೆ ಈಗ ಟಾನಿಕ್ ಕುಡಿಸಿ ಓಡಿಸುತ್ತೇನೆ ಅಂದರೆ ಆಗುವ ಮಾತಲ್ಲ.

ಮುಂದೆ ಬನ್ನಿ. ಹುಟ್ಟಿದ ಮೂರನೇ ತಿಂಗಳಿಗೆ ಮತ್ತೆ ನವೆಂಬರ್. ಮತ್ತೆ ಟ್ರಕ್ಕು ಬಂತು. ಬಾಣಂತನದ ಸೊಂಟ ಗಟ್ಟಿಯಾಗುವ ಮೊದಲೇ ಸೊಸೆ ಕೈಗೆ ಕೋಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ, ಬಂತು. ಇಲ್ಲಿ ನಿಮ್ಮ ಮನೆಯವರು ಒಂದು ಮಾತು ತಿಳಿದುಕೊಳ್ಳಬೇಕು. ಕಬ್ಬು ಕಡಿಯುವ ಟೋಳಿಯಲ್ಲಿ ಗಂಡ-ಹೆಂಡತಿ ಸೇರಿ ಒಂದು ಕೋಯ್ತಾ. ಮುಕಾದಮ (ಟೋಳಿ ಒಯ್ಯುವ ಮೇಸ್ತ್ರಿ) ಉಚಲು, ಅಂದರೆ ಮುಂಗಡ ಹಣ, ಕೊಡುವುದೇ ಜೋಡಿಗೆ. ಕೂಲಿ ಟನ್ನಿನ ಲೆಕ್ಕ. ಕೂಸಿಗೆ ಹಾಲೂಡಿಸಲು ಅರ್ಧ ತಾಸು ಕೂತರೆ ಆ ಅರ್ಧ ತಾಸು ಉಚಲಿನ ಸಾಲದಲ್ಲಿ ತೀರುವುದಿಲ್ಲ. ನಸುಕಿನ ನಾಲ್ಕಕ್ಕೆ ಎದ್ದು ಹೋದ ತಾಯಿ, ಬದುವಿನ ಮರಕ್ಕೆ ಸೀರೆಯ ಜೋಳಿಗೆ, ಅದರಲ್ಲಿ ಕೂಸು, ಕಾಯಲಿಕ್ಕೆ ಆರು ವರ್ಷದ ಇನ್ಯಾರದೋ ಹುಡುಗಿ. ಎದೆಹಾಲು ಕುಡಿಯುವ ಕೂಸಿಗೆ ಕೇಳಿದಾಗೆಲ್ಲ ಹಾಲು ಸಿಗಬೇಕು. ಕುಡಿದಷ್ಟೂ ಹಾಲು ಬರುತ್ತದೆ, ಬಿಟ್ಟಷ್ಟೂ ಬತ್ತುತ್ತದೆ. ‘ನನ್ನ ಹಾಲೇ ಸಾಲದು’ ಅಂತ ತಾಯಿ ಅಳುತ್ತಾಳೆ. ಆಮೇಲೆ ಬಾಟಲಿ ಬರುತ್ತದೆ, ನೀರಲ್ಲಿ ನೆನೆಸಿದ ಬಿಸ್ಕಿಟ್ ಬರುತ್ತದೆ.

ಈ ಜೋಡಿಯ ಲೆಕ್ಕದಿಂದಲೇ ಸಣ್ಣ ವಯಸ್ಸಿನ ಮದುವೆಗಳೂ ಆಗುತ್ತವೆ. ಒಂಟಿ ಹುಡುಗ ಅರ್ಧ ಕೋಯ್ತಾ. ಮದುವೆ ಆದರೆ ಪೂರಾ. ಹಂಗಾಮಿಗೆ ಮುಂಚೆ ಅವಸರದಲ್ಲಿ ತಾಳಿ ಕಟ್ಟಿಸಿದ ಮನೆ ನಿಮ್ಮದೊಂದೇ ಅಲ್ಲ.

ಇನ್ನೊಂದು ತಿಂಗಳು ನೋಡಿ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ಫೆಬ್ರುವರಿ. ಆವಾಗ ಕೂಸಿಗೆ ಆರು ತಿಂಗಳು ತುಂಬಿತು. ಎದೆಹಾಲಿನ ಜೊತೆಗೆ ಊಟ ಶುರು ಮಾಡಬೇಕಾದ ಹೊತ್ತು. ಮನೆಯಲ್ಲಿದ್ದರೆ ಅಜ್ಜಿ ಬೇಳೆ ನುರಿದು, ತುಪ್ಪ ಬಿಟ್ಟು, ‘ಬಾ ಗುಬ್ಬಿ, ಬಾ ಕಾಗೆ’ ಅಂತ ಕಟ್ಟೆಯ ಮೇಲೆ ಕೂತು ಉಣಿಸುತ್ತಿದ್ದಳು. ಕೂಸು ಬಿದ್ದದ್ದು ಕಬ್ಬಿನ ರವದಿಯ (ಒಣ ಎಲೆಯ) ಗುಡಿಸಲಿಗೆ. ಅಲ್ಲಿ ದಿನಕ್ಕೆ ಒಂದೇ ಸಲ ಒಲೆ ಹೊತ್ತುತ್ತದೆ, ಅದೂ ನಸುಕಿನಲ್ಲಿ. ಬೆಳಿಗ್ಗೆ ಬಡಿದ ರೊಟ್ಟಿ ಮಧ್ಯಾಹ್ನಕ್ಕೆ ಕಟಗಾಗಿರುತ್ತದೆ. ಆರು ತಿಂಗಳ ಕೂಸಿಗೆ ಅದನ್ನು ಏನು ಮಾಡಲಿಕ್ಕಾಗುತ್ತದೆ? ಸಾರಿನ ತಿಳಿಯಲ್ಲಿ ಅದ್ದಿ ಚೀಪಿಸುತ್ತಾರೆ. ಕೂಸಿನ ಹೊಟ್ಟೆ ಎಷ್ಟು ಸಣ್ಣದು ಅಂದರೆ, ಕಿಲೋ ತೂಕಕ್ಕೆ 30 ಗ್ರಾಂ ಲೆಕ್ಕ. ಏಳು ಕಿಲೋ ಇದ್ದರೆ ಒಂದು ಹೊತ್ತಿಗೆ 210 ಗ್ರಾಂ ಮೀರಿ ಹಿಡಿಯುವುದಿಲ್ಲ. ಅಷ್ಟು ಜಾಗಕ್ಕೆ ಸಾರಿನ ತಿಳಿ ತುಂಬಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸಿಗುವುದಿಲ್ಲ. ಕೂಸು ಅಳದೆ ಮಲಗುತ್ತದೆ. ಉಂಡಿತು ಅಂತ ತಾಯಿ ನಂಬುತ್ತಾಳೆ.

ಮೂರನೆಯ ಹಂಗಾಮು 15ನೇ ತಿಂಗಳಿಂದ 20ನೇ ತಿಂಗಳ ತನಕ. ನಡೆಯುವ, ಎಲ್ಲದಕ್ಕೂ ಕೈ ಹಾಕುವ ವಯಸ್ಸು. ಹೊಲದವರ ಬಾವಿಯಿಂದ ಹಿಡಿದಿಟ್ಟ ಬ್ಯಾರಲ್ ನೀರು, ಅದರಲ್ಲಿ ಎಲ್ಲರ ಕೈ. ಬಯಲಿಗೆ ಹೋಗುವುದು ಕಬ್ಬಿನ ಸಾಲಿನಲ್ಲೇ. ಎತ್ತುಗಳು ಗುಡಿಸಲ ಬಾಗಿಲಲ್ಲೇ. ಕೂಸು ಆ ಮಣ್ಣಲ್ಲಿ ಆಡುತ್ತದೆ, ಆ ಕೈಯನ್ನೇ ಬಾಯಿಗಿಡುತ್ತದೆ.

ಒಟ್ಟು ಕೂಡಿಸಿ. 34 ತಿಂಗಳಲ್ಲಿ ಮೂರು ಹಂಗಾಮು, ಐದೈದು ತಿಂಗಳು ಹಿಡಿದರೂ 15 ತಿಂಗಳು. ಅವನ ಜೀವದ ಹತ್ತಿರ ಹತ್ತಿರ ಅರ್ಧ ಕಬ್ಬಿನ ಹೊಲದಲ್ಲಿ ಹೋಗಿದೆ. ನಿಮ್ಮ ಮನೆಯ ಜೋಳದ ಚೀಲ ಅಷ್ಟು ದಿನ ಉಮದಿಯಲ್ಲೇ ಇತ್ತು, ಕಾಕಾ.

ಸರ್ಕಾರದ ಯೋಜನೆಗಳೂ ಹೀಗೆಯೇ, ಊರಲ್ಲೇ ಉಳಿಯುತ್ತವೆ. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ಕ್ಕೆ. 33 ಕಡೆ ಮೊದಲು ಮಾಡಿದರು. ಒಳ್ಳೆಯ ಯೋಜನೆ, ನಾನು ಅದರ ಪರ. ಆದರೆ ಅದು ಒಂದು ಊರಲ್ಲಿ ಕೂತಿರುವ ಕೂಸಿಗೆ ಹೊಲಿದ ಅಂಗಿ. ನಿಮ್ಮ ಮೊಮ್ಮಗನ ಲೆಕ್ಕವನ್ನೇ ನೋಡಿ. 6, 10, 14 ವಾರಕ್ಕೆ ಚುಚ್ಚುಮದ್ದು. 14ನೇ ವಾರ ಬಿದ್ದದ್ದು ನವೆಂಬರಿನಲ್ಲಿ. ಹಾಕಿಸಿದಿರಾ, ಟ್ರಕ್ಕು ಹತ್ತಿದಿರಾ? ಕಾರ್ಡು ತೆಗೆದು ನೋಡಿ. ದಡಾರದ ಎರಡನೇ ಡೋಸು 16ರಿಂದ 24 ತಿಂಗಳೊಳಗೆ. ಅದೂ ಶುರುವಾದದ್ದು ಡಿಸೆಂಬರಿನಲ್ಲಿ. ಜಂತಿನ ಗುಳಿಗೆ ದೇಶದಲ್ಲೆಲ್ಲ ಕೊಡುವುದು ಫೆಬ್ರುವರಿ 10ಕ್ಕೆ, ಆಗಸ್ಟ್ 10ಕ್ಕೆ. ಫೆಬ್ರುವರಿದು ನಿಮಗೆ ಪ್ರತಿ ವರ್ಷ ತಪ್ಪುತ್ತದೆ. ತಿಂಗಳ ತೂಕವೂ ಐದು ತಿಂಗಳು ಇಲ್ಲ. ಏಪ್ರಿಲಿನಲ್ಲಿ ತೂಗಿದಾಗ ಇಳಿದಿದೆ ಅಂತ ಗೊತ್ತಾಗುತ್ತದೆ, ಯಾವಾಗ ಇಳಿಯಿತು ಅಂತ ಯಾರಿಗೂ ಗೊತ್ತಿಲ್ಲ.

ಇನ್ನು ಉಮದಿಯಲ್ಲಿರುವ ಏಳು ತಿಂಗಳ ಕಥೆ. ಅಲ್ಲಿಯೂ ಎಲ್ಲ ಸರಿ ಇದೆ ಅಂತ ನಾನು ಒಪ್ಪುವುದಿಲ್ಲ. ಸ್ವಲ್ಪ ಖಾರವಾಗಿ ಹೇಳುತ್ತೇನೆ, ಸಿಟ್ಟಾಗಬೇಡಿ.

ಎರಡು ಎಮ್ಮೆ ಇವೆ ಅಂದಿರಿ. ಹಾಲು ಎಲ್ಲಿಗೆ ಹೋಗುತ್ತದೆ? ಬೆಳಿಗ್ಗೆ ಡೇರಿಗೆ, ಸಂಜೆ ಡೇರಿಗೆ. ಉಳಿದ ಒಂದು ವಾಟಗ, ಅಂದರೆ ಬಟ್ಟಲು, ಹಾಲಲ್ಲಿ ಇಡೀ ಮನೆಗೆ ಚಹಾ. ಅದೇ ಚಹಾದಲ್ಲಿ ಕೂಸಿಗೂ ಒಂದು ಬಟರ್ ಬಿಸ್ಕಿಟ್ ಅದ್ದಿ ಕೊಡುತ್ತೀರಿ. ನಾನು ಹೋದ ಮನೆಯಲ್ಲೆಲ್ಲ ಇದೇ ನಡೆದಿದೆ. ಬರದ ಸೀಮೆಯಲ್ಲಿ ಹಾಲು ಅಂದರೆ ವಾರದ ನಗದು, ಅದು ನನಗೂ ಗೊತ್ತು. ಆದರೆ ಚಹಾ ಕೂಸಿನ ಹಸಿವು ಕೊಲ್ಲುತ್ತದೆ, ಊಟದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ಮಾಡುತ್ತದೆ.

ಶೇಂಗಾದ್ದೂ ಅದೇ ಕಥೆ. ತುಂಬಿದ ಕಾಯಿ ಮಾರ್ಕೆಟ್ಟಿಗೆ, ಜೊಳ್ಳು, ಮುರುಟಿದ್ದು, ಬೂಷ್ಟು ಹಿಡಿದದ್ದು ಮನೆಯ ಚಟ್ನಿ-ಹಿಂಡಿಗೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಕೂಡುತ್ತದೆ. ಹುರಿದರೂ ಪೂರಾ ಹೋಗುವುದಿಲ್ಲ. ಮಾರುವುದಕ್ಕೆ ಮೊದಲು ಕೂಸಿನ ಪಾಲು ಒಳ್ಳೆಯದರಲ್ಲೇ ತೆಗೆದಿಡಿ. ಎಷ್ಟು ಬೇಕಾದೀತು? ವರ್ಷಕ್ಕೆ ಹತ್ತು ಕಿಲೋ ಕೂಡ ಬೇಡ.

ಹೊಲವೂ ಬದಲಾಗಿದೆ. ನಿಮ್ಮ ಅಪ್ಪನ ಕಾಲದಲ್ಲಿ ಸಜ್ಜೆಯ ನಡುವೆ ಅಕ್ಕಡಿ ಸಾಲು ಇರುತ್ತಿತ್ತಲ್ಲ? ತೊಗರಿ, ಹೆಸರು, ಮಡಿಕೆ, ಅಲಸಂದಿ ಎಲ್ಲ ಮನೆಗೆ ಬರುತ್ತಿದ್ದವು. ಬದುವಿನ ಮೇಲೆ ಪುಂಡಿ, ರಾಜಗಿರಿ, ಹತ್ತರಕಿ ಪಲ್ಯ. ಈಗ ನೀರಿದ್ದವರು ದ್ರಾಕ್ಷಿ, ದಾಳಿಂಬೆ ಹಾಕಿದ್ದಾರೆ. ನೀರಿಲ್ಲದವರು ಒಂದೇ ಬೆಳೆ ಬಿತ್ತಿ ದುಡಿಯಲು ಹೋಗುತ್ತಾರೆ. ರೇಶನ್ನಿನಲ್ಲಿ ಅಕ್ಕಿ-ಗೋಧಿ ಸಿಗುತ್ತದೆ, ಆಹಾರ ಭದ್ರತಾ ಕಾಯ್ದೆಯಲ್ಲಿ ತಲೆಗೆ ತಿಂಗಳಿಗೆ 5 ಕಿಲೋ. ಹೊಟ್ಟೆ ತುಂಬುವುದಕ್ಕೆ ಅದು ದೊಡ್ಡ ಆಸರೆ. ಆದರೆ ಕಾಳು, ಪಲ್ಯ, ಹಾಲು ಕೊಂಡು ತರಬೇಕಾದ ವಸ್ತುಗಳಾದವು. ಕೊಳ್ಳುವ ದುಡ್ಡು ಉಚಲಿನ ಲೆಕ್ಕಕ್ಕೆ ಹೋಯಿತು. ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 6ರಿಂದ 23 ತಿಂಗಳ ಮಕ್ಕಳಲ್ಲಿ ಎಷ್ಟು ಸಲ ಬೇಕೋ ಅಷ್ಟು ಸಲ, ಎಷ್ಟು ಬಗೆ ಬೇಕೋ ಅಷ್ಟು ಬಗೆ ಉಣ್ಣುವವರು ಇಡೀ ದೇಶದಲ್ಲೇ ನೂರಕ್ಕೆ 11 ಮಾತ್ರ. ಜೋಳ ಇದ್ದ ಮನೆಗಳೂ ಉಳಿದ 89ರಲ್ಲಿವೆ.

ನೀರಿನ ಬಗ್ಗೆ ಒಂದು ಮಾತು. ಕೂಸಿಗೆ ಭೇದಿ ಆಗಿಲ್ಲ ಅಂದರೆ ನೀರು ಚೆನ್ನಾಗಿದೆ ಅಂತ ತಿಳಿಯುತ್ತೇವೆ. ಹಾಗಲ್ಲ. ದಿನವೂ ಸ್ವಲ್ಪ ಸ್ವಲ್ಪ ಹೊಲಸು ಹೊಟ್ಟೆಗೆ ಹೋಗುತ್ತಿದ್ದರೆ ಕರುಳಿನ ಒಳಮೈ ಸವೆಯುತ್ತದೆ. ಮಖಮಲ್ ಬಟ್ಟೆ ತೇದು ತೇದು ಬೋಳಾದ ಹಾಗೆ. ಭೇದಿ ಕಾಣುವುದಿಲ್ಲ, ಆದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ಪಾಯಖಾನೆ ಕಟ್ಟಿಸಿ ಸಾಬೂನು ಕೊಟ್ಟರೆ ಇದು ಸರಿಹೋಗುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಬಾಂಗ್ಲಾದೇಶದಲ್ಲಿ, ಕೆನ್ಯಾದಲ್ಲಿ ದೊಡ್ಡ ಪ್ರಯೋಗ ಮಾಡಿ 2018ರಲ್ಲಿ ಫಲಿತಾಂಶ ಹೇಳಿದರು. ಅಷ್ಟರಿಂದಲೇ ಮಕ್ಕಳ ಎತ್ತರ ಜಾಸ್ತಿ ಆಗಲಿಲ್ಲ. ಪಾಯಖಾನೆ ಬೇಡ ಅಂತ ಇದರ ಅರ್ಥ ಅಲ್ಲ. ಅಂಗಳದಲ್ಲಿ ಎಮ್ಮೆ, ಕೋಳಿ, ಕೂಸು ಮೂರೂ ಒಂದೇ ಕಡೆ ಇದ್ದರೆ ಅಷ್ಟು ಸಾಲದು. ಕೂಸು ಆಡುವ ಜಾಗ ಬೇರೆ ಮಾಡಿ. ಒಂದು ತಾಡಪಾಲ ಹಾಸಿದರೂ ಆದೀತು. ಕುಡಿಯುವ ನೀರು ಕಾಯಿಸಿ, ಮುಚ್ಚಿ, ಉದ್ದ ಹಿಡಿಕೆಯ ಸೌಟಿನಿಂದಲೇ ತೆಗೆಯಿರಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂದಾಗ ಇನ್ನೂ ಜೋಪಾನ.

ಹೊಟ್ಟೆ ಕೆಟ್ಟಾಗ ಊಟ ಬಿಡಿಸಬೇಡಿ. ಈ ತಪ್ಪು ಪ್ರತಿ ಮನೆಯಲ್ಲೂ ಆಗುತ್ತದೆ. ಓಆರ್‌ಎಸ್ ಕೊಡುತ್ತಾ ಊಟವನ್ನೂ ಕೊಡಬೇಕು. ಜೊತೆಗೆ ಝಿಂಕ್ ಗುಳಿಗೆ, ದಿನಕ್ಕೆ 20 ಮಿಲಿಗ್ರಾಂ, ಪೂರಾ 14 ದಿನ. ಭೇದಿ ನಿಂತಿತು ಅಂತ ಮೂರು ದಿನಕ್ಕೆ ಬಿಡಬಾರದು. ಹೊಟ್ಟೆಗೆ ಬರೆ ಹಾಕಿಸುವ ಮಾತು ಯಾರಾದರೂ ಎತ್ತಿದರೆ ಅವರನ್ನು ಬಾಗಿಲಿಂದಲೇ ಕಳಿಸಿಬಿಡಿ. ದೃಷ್ಟಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ. ಮೆಣಸಿನಕಾಯಿ ಒಲೆಗೆ ಹಾಕಿ, ಆಮೇಲೆ ಕೂಸಿಗೆ ಊಟಕ್ಕೆ ಹಾಕಿ.

ಈಗ ಸೊಸೆಯ ಲಕ್ಷ್ಯದ ಮಾತು. ಕಾಕಾ, ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರು? ಬಸುರಿದ್ದಾಗ ‘ಜಾಸ್ತಿ ಉಂಡರೆ ಕೂಸು ದಪ್ಪಾಗಿ ಹೆರಿಗೆ ಕಷ್ಟ’ ಅಂತ ಹೇಳಿದವರು ಯಾರು? ಅದೇ ಸಮೀಕ್ಷೆ ಪ್ರಕಾರ ಮಹಾರಾಷ್ಟ್ರದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 54 ಮಂದಿಗೆ ರಕ್ತ ಕಮ್ಮಿ. ರಕ್ತ ಕಮ್ಮಿ ಇದ್ದವಳಿಗೆ ಸುಸ್ತು ಹೋಗುವುದೇ ಇಲ್ಲ. ಆ ಸುಸ್ತನ್ನೇ ಮನೆಯವರು ಸೋಮಾರಿತನ ಅನ್ನುತ್ತಾರೆ. ಒಂದು ಸಲ ಒಬ್ಬ ಅತ್ತೆ ನನ್ನೆದುರು ಸೊಸೆಯನ್ನು ಬಯ್ಯುತ್ತಿದ್ದರು, ಕೂಸು ಅಳುತ್ತಿದ್ದರೂ ಏಳುವುದಿಲ್ಲ ಅಂತ. ರಕ್ತ ನೋಡಿದರೆ ಹಿಮೋಗ್ಲೋಬಿನ್ 6.8 ಇತ್ತು. 12 ಇರಬೇಕಾದದ್ದು. ಅವಳು ಎದ್ದು ಕೂತದ್ದೇ ದೊಡ್ಡದು.

ಕೂಸಿನ ಊಟಕ್ಕೆ ಧಾನ್ಯಕ್ಕಿಂತ ಮೊದಲು ಬೇಕಾದದ್ದು ಬಿಡುವಿರುವ ಒಂದು ಕೈ. ದಿನಕ್ಕೆ ಐದು ಸಲ, ಪ್ರತಿ ಸಲ ಅರ್ಧ ತಾಸು. ಎರಡೂವರೆ ತಾಸು ಆಯಿತು. ನಿಮ್ಮ ಸೊಸೆಯ ದಿನದಲ್ಲಿ ಆ ಎರಡೂವರೆ ತಾಸು ಎಲ್ಲಿದೆ ಅಂತ ಹುಡುಕಿ ನೋಡಿ. ನೀರು ತರುವುದು, ಎಮ್ಮೆ, ಒಲೆ, ಹೊಲ. ಊರಿನಲ್ಲೇ ಸಿಗುವುದಿಲ್ಲ, ಇನ್ನು ಕಬ್ಬಿನ ಹೊಲದಲ್ಲಿ ಎಲ್ಲಿಂದ ಬರಬೇಕು?

ಭಾಷೆಯದೂ ಒಂದು ತೊಡಕಿದೆ. ಜತ್ತ, ಅಕ್ಕಲಕೋಟೆ ಕಡೆ ಮನೆಮಾತು ಕನ್ನಡ, ಆರೋಗ್ಯದ ಪತ್ರಕ ಎಲ್ಲ ಮರಾಠಿ. ಗಂಡಸರು ಬಜಾರಿನಲ್ಲಿ ಮರಾಠಿ ಕಲಿತಿರುತ್ತಾರೆ. ಗಡಿಯ ಈಚೆಯಿಂದ ಮದುವೆಯಾಗಿ ಬಂದ ಹುಡುಗಿ ಪತ್ರಕದ ಚಿತ್ರ ನೋಡಿ ಮಡಚಿಡುತ್ತಾಳೆ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಕೊಡುವ ಆಹಾರದ ಪಾಕೀಟನ್ನು ಎಮ್ಮೆಯ ಬಕೆಟ್ಟಿಗೆ ಸುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾಕವ್ವಾ ಅಂದೆ. ‘ಹೆಂಗ ಮಾಡೋದು ಅಂತ ಯಾರೂ ಹೇಳಿಲ್ರಿ’ ಅಂದಳು.

ಟಾನಿಕ್ ಬೇಡ. ಡಬ್ಬಿಯ ಪುಡಿಯೂ ಬೇಡ. ಬೇಕಾದದ್ದು ಮೂರೇ, ಮೂರೂ ಪುಕ್ಕಟೆ. ಆಶಾ ಕಾರ್ಯಕರ್ತೆ ಹತ್ತಿರ ಸಿಗುವ ಕಬ್ಬಿಣದ ಸಿರಪ್ಪು ವಾರಕ್ಕೆ ಎರಡು ಸಲ 1 ಮಿ.ಲೀ., ಆರು ತಿಂಗಳಿಗೊಮ್ಮೆ ಎ ಜೀವಸತ್ವ, ಆರು ತಿಂಗಳಿಗೊಮ್ಮೆ ಜಂತಿನ ಗುಳಿಗೆ. ಎರಡು ವಾರಕ್ಕಿಂತ ಜಾಸ್ತಿ ಜ್ವರ-ಕೆಮ್ಮು ಇದ್ದರೆ, ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರೆ, ಹೊಟ್ಟೆ ಉಬ್ಬಿ ಪದೇ ಪದೇ ಭೇದಿ ಆಗುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಆಗ ಕಾರಣ ಬೇರೆ ಇರಬಹುದು.

ಊಟಕ್ಕೆ ನಿಮ್ಮ ಮನೆಯಲ್ಲೇ ದಾರಿ ಇದೆ. ಪಂಚಮಿಗೆ ಜೋಳದ ಅರಳು ಹುರಿದು ಅರಳಿಟ್ಟು, ತಂಬಿಟ್ಟು ಮಾಡುತ್ತೀರಲ್ಲ, ಅದು ವರ್ಷಕ್ಕೊಮ್ಮೆ ಮಾತ್ರ ಯಾಕೆ? ನಾಲ್ಕು ವಾಟಗ ಹುರಿದ ಜೋಳ, ಎರಡು ಪುಟಾಣಿ (ಹುರಿಗಡಲೆ), ಒಂದು ಹುರಿದ ಶೇಂಗಾ, ಒಂದು ಬೆಲ್ಲ. ನುಣ್ಣಗೆ ಬೀಸಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡಿ. 100 ಗ್ರಾಂನಲ್ಲಿ ಹತ್ತಿರ ಹತ್ತಿರ 380 ಕ್ಯಾಲೊರಿ, 13 ಗ್ರಾಂ ಪ್ರೋಟೀನು. ಕಾಯಿಸಿದ ನೀರಲ್ಲಿ ಇಲ್ಲವೇ ಹಾಲಲ್ಲಿ ಗಟ್ಟಿಯಾಗಿ ಕಲಸಿ, ಮೇಲೆ ಒಂದು ಚಮಚ ತುಪ್ಪ. ಒಲೆ ಹೊತ್ತಿಸುವ ಕೆಲಸವಿಲ್ಲ. 1972ರ ಬರಗಾಲದಲ್ಲಿ ಕಾಮಗಾರಿಯ ಮೇಲೆ ಸುಕಡಿ ಎಂಬ ಹಿಟ್ಟಿನ ತಿನಿಸು ಹಂಚುತ್ತಿದ್ದರು, ನೀವೂ ತಿಂದಿರಬಹುದು. ಇದು ಅದರ ಅಕ್ಕ ಅನ್ನಿ, ರುಚಿಯೂ ಚೆನ್ನಾಗಿದೆ. ಇಡೀ ಶೇಂಗಾ ಕಾಳು ಮಾತ್ರ ಕೂಸಿನ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ಈ ಹಿಟ್ಟು. ಡೇರಿಗೆ ಅಳೆಯುವ ಮೊದಲು ಒಂದು ದೊಡ್ಡ ವಾಟಗ ಹಾಲು ಎತ್ತಿಡಿ. ಅರ್ಧ ಲೀಟರಿಗಿಂತ ಜಾಸ್ತಿ ಬೇಡ, ಹಾಲಲ್ಲೇ ಹೊಟ್ಟೆ ತುಂಬಿದರೆ ಊಟ ಬಿಡುತ್ತಾನೆ. ಮೊಟ್ಟೆ ನಿಮ್ಮ ಮನೆಯಲ್ಲಿ ನಡೆಯುವುದಾದರೆ ದಿನಕ್ಕೊಂದು. ನಡೆಯದಿದ್ದರೆ ಒತ್ತಾಯ ಇಲ್ಲ, ಹೆಸರುಕಾಳು, ಮೊಸರು ಇವೆ. ಅವನಿಗೆ ಬೇರೆ ತಾಟು ಇಡಿ. ಎಲ್ಲರ ತಾಟಿನಿಂದ ತುತ್ತು ತುತ್ತು ತಿಂದರೆ ಎಷ್ಟು ತಿಂದ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಕೊನೆಗೆ ನಿಮ್ಮ ದೊಡ್ಡ ಪ್ರಶ್ನೆ. ಕೂಸು ನಿಮ್ಮ ಹತ್ತಿರ ಇರಬೇಕಾ, ತಾಯಿ ಜೊತೆ ಹೋಗಬೇಕಾ? ಹೋದ ವರ್ಷ ಕೇಳಿದ್ದರೆ ತಾಯಿ ಜೊತೆಗೇ ಅನ್ನುತ್ತಿದ್ದೆ. ಈಗ ನವೆಂಬರಿಗೆ ಅವನಿಗೆ 27 ತಿಂಗಳು. ಮನೆಯಲ್ಲಿ ಹಾಲಿದೆ, ಅಜ್ಜಿ ಇದ್ದಾಳೆ, ಅಂಗನವಾಡಿ ಹತ್ತಿರ ಇದೆ. ಉಳಿಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೆ ಎರಡು ಮಾತು. ಅಜ್ಜಿಗೆ ಆ ಎರಡೂವರೆ ತಾಸು ನಿಜವಾಗಿ ಇದೆಯಾ? ಎಮ್ಮೆಯ ಕೆಲಸ ಆಗ ನೀವು ಹಿಡಿಯುತ್ತೀರಾ? ಇದಕ್ಕೆ ಹೌದು ಅಂದರೆ ಮಾತ್ರ ಸೊಸೆಯನ್ನು ಕೇಳಿ. ಎರಡನೆಯದು, ‘ನಿನಗೆ ಲಕ್ಷ್ಯ ಇಲ್ಲ, ಬಿಟ್ಟು ಹೋಗು’ ಅಂದರೆ ಯಾವ ತಾಯಿ ಬಿಡುತ್ತಾಳೆ? ಐದು ತಿಂಗಳಿಗೆ ಕೂಸು ತನ್ನನ್ನು ಮರೆತರೆ ಅನ್ನುವ ಭಯ ಅವಳಿಗಿದೆ, ಅದು ಸುಳ್ಳು ಭಯ ಏನಲ್ಲ. ಈಗಿನಿಂದಲೇ ಕೂಸನ್ನು ಅಜ್ಜಿಯ ಹತ್ತಿರ ಮಲಗಿಸಿ ರೂಢಿ ಮಾಡಿ. ಎದೆ ಬಿಡಿಸುವುದಾದರೆ ನಿಧಾನಕ್ಕೆ ಬಿಡಿಸಿ. ಟ್ರಕ್ಕು ಹತ್ತುವ ದಿನ ಒಮ್ಮೆಲೇ ಬಿಡಿಸಿದ ಕೂಸು ಒಂದು ತಿಂಗಳು ಊಟ ಬಿಡುತ್ತದೆ. ತಿಂಗಳಿಗೊಮ್ಮೆ ಮಗ ಕರೆದುಕೊಂಡು ಬರಲಿ, ಇಲ್ಲವೇ ನೀವೇ ಕೂಸನ್ನು ಅಲ್ಲಿಗೆ ಒಯ್ದು ತೋರಿಸಿ. ಇಷ್ಟಾದರೂ ಅವಳು ಬೇಡ ಅಂದರೆ ಬೇಡ. ಅವಳ ಕೂಸು.

ಕರೆದುಕೊಂಡೇ ಹೋದರೆ, ಹೊರಡುವ ಮೊದಲು ಸೇವಿಕಾ ಬಾಯಿಗೆ ಯಾವ ಊರಿಗೆ ಹೋಗುತ್ತಾರೆ ಅಂತ ಹೇಳಿ. 2021ರಲ್ಲಿ ಶುರುವಾದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪಿನಲ್ಲಿ ಕೂಸಿನ ಹೆಸರನ್ನು ಅಲ್ಲಿನ ಅಂಗನವಾಡಿಗೆ ವರ್ಗ ಮಾಡಲು ಬರುತ್ತದೆ. ಟೋಳಿ ಬೆಳಗಾವಿ ಕಡೆಯ ಕಾರ್ಖಾನೆಗೆ ಹೋದರೆ ಅಲ್ಲಿನ ಕಾರ್ಯಕರ್ತೆ ಕನ್ನಡದಲ್ಲೇ ಮಾತಾಡುತ್ತಾಳೆ, ಸೊಸೆಗೆ ಕೇಳಲು ಧೈರ್ಯ ಬರುತ್ತದೆ. ರೇಶನ್ನು ಈಗ ಯಾವ ರಾಜ್ಯದಲ್ಲಿ ಬೇಕಾದರೂ ಎತ್ತಬಹುದು, ಕಾರ್ಡಿಗೆ ಆಧಾರ್ ಜೋಡಿಸಿರಬೇಕು ಅಷ್ಟೇ. ಚುಚ್ಚುಮದ್ದಿನ ಕಾರ್ಡು ಮೂಲ ಅವರ ಹತ್ತಿರ ಇರಲಿ, ಫೋಟೊ ನಿಮ್ಮ ಮೊಬೈಲಿನಲ್ಲಿ ಇರಲಿ. ತಂಬಿಟ್ಟಿನ ಎರಡು ಡಬ್ಬಿ, ಓಆರ್‌ಎಸ್ ಹತ್ತು ಪಾಕೀಟು, ಮುಚ್ಚಳವಿರುವ ಒಂದು ನೀರಿನ ಕ್ಯಾನು ಗಂಟಿನಲ್ಲಿ ಹಾಕಿ. ಮತ್ತು ಮಗನಿಗೆ ಒಂದು ಮಾತು ಹೇಳಿ. ಮುಂದಿನ ಕೂಸಿಗೆ ಅವಸರ ಬೇಡ, ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸಲಿ. ಈ ವಾರವೇ ಆದರೆ ಒಳ್ಳೆಯದು, ಟ್ರಕ್ಕು ಬರಲು ಹೆಚ್ಚು ದಿನ ಉಳಿದಿಲ್ಲ.

ಈ ವಯಸ್ಸಿನಲ್ಲಿ ಕೂಸು ತಿಂಗಳಿಗೆ 200 ಗ್ರಾಂ ಏರಬೇಕು, ವರ್ಷಕ್ಕೆ ಎಂಟು ಸೆಂ.ಮೀ. ಆದರೂ ಬೆಳೆಯಬೇಕು. ಹೋದ ಎತ್ತರ ಪೂರಾ ಹಿಂದೆ ಬರುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಸ್ವಲ್ಪ ಬರುತ್ತದೆ. ಅಡಿಗೆಮನೆಯ ಬಾಗಿಲ ಚೌಕಟ್ಟಿಗೆ ಅವನನ್ನು ನಿಲ್ಲಿಸಿ ಇವತ್ತೇ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ, ತಾರೀಖು ಬರೆಯಿರಿ. ಜನವರಿಯಲ್ಲಿ ಅವನು ಎಲ್ಲೇ ಇರಲಿ, ಒಮ್ಮೆ ತೂಗಿಸಿ ಸಂಖ್ಯೆ ನನಗೆ ಬರೆದು ಕಳಿಸಿ. 10 ಕಿಲೋ ದಾಟಿದ್ದಾನಾ ಅಂತ ನೋಡಬೇಕು.